ಗಾಜಿನ ಮೇಲೊಂದು ಗಾಜು

"ಸಾರ್, ಇದೊಂದು ಹಾಕ್ಸ್ಕೊಂಡ್ಬಿಡಿ. ಮೂವತ್ತು ಸಾವಿರ ಕೊಟ್ಟು ಕ್ಯಾಮೆರಾ ತಗೊಂಡಿದೀರ, ಇನ್ನೊಂದು ಮುನ್ನೂರೈವತ್ತಕ್ಕೆ ಯಾಕೆ ಯೋಚ್ನೆ ಮಾಡ್ತೀರ?"

2012ರಲ್ಲಿ ನಾನು ಮೊದಲ ಡಿಎಸ್ಎಲ್ಆರ್ ಕೊಂಡ ದಿನ ಬೆಂಗಳೂರಿನ ಅಂಗಡಿಯವನು ಹೇಳಿದ ಮಾತಿದು. ನಾನು ಹೂಂ ಅನ್ನೋದರೊಳಗೆ ಒಂದು ದುಂಡನೆ ಗಾಜನ್ನು ಲೆನ್ಸಿನ ಮೂತಿಗೆ ತಿರುಪಿ ಕೂರಿಸಿಯೇ ಬಿಟ್ಟಿದ್ದ. ಡಬ್ಬಿಯ ಮೇಲೆ 'ಯುವಿ ಫಿಲ್ಟರ್' ಅಂತಿತ್ತು. ಯುವಿ ಅಂದ್ರೆ ಏನು, ಅದನ್ನು ಯಾಕೆ ತಡೀಬೇಕು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. "ಸೇಫ್ಟಿಗೆ ಸಾರ್" ಅಂದ. ಆ ಒಂದು ಪದ ಸಾಕಿತ್ತು.

ಯಾಕೆ ಸಾಕಿತ್ತು ಅಂದ್ರೆ, ನಾವು ಕವರ್ ಹಾಕೋ ಜನ. ಹೊಸದುರ್ಗ ತಾಲ್ಲೂಕಿನ ನಮ್ಮೂರಲ್ಲಿ ಟಿವಿಗೆ ಬಟ್ಟೆಯ ಮುಸುಕು, ರಿಮೋಟಿಗೆ ಪ್ಲಾಸ್ಟಿಕ್ ಅಂಗಿ. ಅಪ್ಪನ ಬೈಕಿನ ಸೀಟಿಗೆ ಶೋರೂಮಿನ ಪಾಲಿಥೀನ್ ಹರಿದು ಚಿಂದಿಯಾಗುವವರೆಗೂ ಇತ್ತು. ಬೇಸಿಗೆಯಲ್ಲಿ ಅದರ ಮೇಲೆ ಕೂತವರ ಪಂಚೆ ಒದ್ದೆಯಾಗುತ್ತಿತ್ತೇ ಹೊರತು ಅದನ್ನು ಕಿತ್ತು ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಒಳಗಿನ ಸೀಟು ಯಾವ ಬಣ್ಣದ್ದು ಅಂತ ನಾವು ಸರಿಯಾಗಿ ನೋಡಿದ್ದು ಬೈಕು ಮಾರುವಾಗ. ನಗಬೇಡಿ. ನಿಮ್ಮ ಫೋನಿನ ಮೇಲೆ ಈಗ ಟೆಂಪರ್ಡ್ ಗ್ಲಾಸ್ ಇದೆ, ಹಿಂದೆ ಪೌಚ್ ಇದೆ. ಫೋನಿನ ನಿಜವಾದ ಮೈಯನ್ನು ನೀವು ಕೊನೇ ಸಲ ಮುಟ್ಟಿದ್ದು ಯಾವಾಗ?

ಹಾಗಾಗಿ ಆ ಗಾಜು ನನ್ನ ಲೆನ್ಸಿನ ಮೇಲೆ ಕೂತಿತು. ಕೂತದ್ದು ಅಲ್ಲೇ ಉಳಿಯೋಕೆ ಕಾರಣ ಚಿತ್ರದುರ್ಗದ ಕೋಟೆ.

2013ರ ಒಂದು ಭಾನುವಾರ ಹೊಳಲ್ಕೆರೆಯ ಗೆಳೆಯನ ಜೊತೆ ಕೋಟೆಗೆ ಹೋಗಿದ್ದೆ. ಏಳು ಸುತ್ತಿನ ಕೋಟೆಯನ್ನು 'ನಾಗರಹಾವು' ಸಿನಿಮಾದಲ್ಲಿ ನೋಡಿದ ಕೋನಗಳಲ್ಲೇ ತೆಗೀಬೇಕು ಅನ್ನೋ ಹುಚ್ಚು. ಉಯ್ಯಾಲೆ ಕಂಬ, ಹಿಡಿಂಬೇಶ್ವರನ ಗುಡಿ, ಮಂಗ, ಮಂಗನ ಮರಿ, ಎಲ್ಲ ಆಯ್ತು. ಕೊನೆಗೆ ಓಬವ್ವನ ಕಿಂಡಿ. ಅಲ್ಲಿಗೆ ಹೋದವರೆಲ್ಲ ಒಮ್ಮೆ ಹೈದರಾಲಿಯ ಸೈನಿಕನಂತೆ ಬಗ್ಗಿ ನುಸುಳಿ ನೋಡೋದು ಪದ್ಧತಿ. ನಾನೂ ನುಸುಳಿದೆ. ಕುತ್ತಿಗೆಯಲ್ಲಿದ್ದ ಕ್ಯಾಮೆರಾ ನನಗಿಂತ ಮುಂಚೆ ಹೋಯಿತು. ಟಕ್ ಅಂತ ಒಂದು ಸದ್ದು. ಅದು ಬಂಡೆಗೆ ಬಡಿದಿತ್ತು.

ಎತ್ತಿ ನೋಡಿದರೆ ಫಿಲ್ಟರ್ ಚೂರುಚೂರು, ಜೇಡರ ಬಲೆ ಥರ. ಅದರ ಲೋಹದ ಬಳೆ ಸೊಟ್ಟಗಾಗಿ ತಿರುಪಿನಲ್ಲಿ ಸಿಕ್ಕಿಕೊಂಡಿತ್ತು. ಪೇಟೆಗೆ ಇಳಿದು ಬಂದು, ರಿಪೇರಿ ಮಾಡೋರ ಹತ್ತಿರ ಅದನ್ನು ಬಿಡಿಸೋಕೆ ಒಂದು ಗಂಟೆ ಹಿಡೀತು. ಲೆನ್ಸಿನ ಮೇಲೆ ಕೂದಲೆಳೆಯಂಥ ಒಂದು ಗೀರು ಬಿಟ್ಟರೆ ಬೇರೇನೂ ಆಗಿರಲಿಲ್ಲ.

"ನೋಡ್ಲಾ, ಮುನ್ನೂರೈವತ್ತು ಹೋಯ್ತು, ಲೆನ್ಸ್ ಉಳೀತು" ಅಂದ ಗೆಳೆಯ. ನನಗೂ ಹಾಗೇ ಅನಿಸಿತು. ಆಫೀಸಿನಲ್ಲಿ ಹೊಸದಾಗಿ ಕ್ಯಾಮೆರಾ ಕೊಂಡ ಎಲ್ಲರಿಗೂ ಈ ಕತೆ ಹೇಳಿ ಫಿಲ್ಟರ್ ಕೊಡಿಸಿದೆ. ನನ್ನ ಬಳಿ ಇದ್ದ 50 ಎಂಎಂ ಪ್ರೈಮ್ ಲೆನ್ಸು ಅಲ್ಲಿಯವರೆಗೆ ಬರಿಮೈಯಲ್ಲಿತ್ತು. ಅದಕ್ಕೂ ಅಳತೆ ನೋಡಿ 52 ಎಂಎಂನ ಒಂದು ತಂದು ಹಾಕಿದೆ. ಅಗ್ಗದ್ದೇ. ಒಡೆಯೋಕೆ ಅಂತ ಇರೋದಕ್ಕೆ ಯಾರು ಜಾಸ್ತಿ ಕೊಡ್ತಾರೆ?

ಈಗ ಯೋಚಿಸಿದರೆ ನಾಚಿಕೆಯಾಗುತ್ತೆ. ದಿನಾ ಆಫೀಸಿನಲ್ಲಿ "ಅದರಿಂದಲೇ ಇದಾಯ್ತು ಅಂತ ಹೇಗೆ ಹೇಳ್ತೀಯ, ಲಾಗ್ ತೋರಿಸು" ಅಂತ ಜೂನಿಯರುಗಳ ತಲೆ ತಿನ್ನೋನು ನಾನು. ಒಂದು ಗಾಜು ಒಡೆದಿದೆ ಅಂದ್ರೆ ಆ ಗಾಜು ಒಡೆದಿದೆ ಅಂತಷ್ಟೇ ಅರ್ಥ. ಅದಿಲ್ಲದಿದ್ದರೆ ಒಳಗಿನದ್ದು ಒಡೀತಿತ್ತು ಅನ್ನೋಕೆ ಪುರಾವೆ ಎಲ್ಲಿದೆ? ಫಿಲ್ಟರಿನ ಗಾಜು ಒಂದೆರಡು ಮಿಲಿಮೀಟರ್ ದಪ್ಪದ ಚಪ್ಪಟೆ ಬಿಲ್ಲೆ. ಲೆನ್ಸಿನ ಮುಂದಿನ ಗಾಜು ಅದಕ್ಕಿಂತ ಎಷ್ಟೋ ದಪ್ಪ, ಸಾಮಾನ್ಯವಾಗಿ ಉಬ್ಬು ಬೇರೆ, ಮೇಲಾಗಿ ಅಂಚಿನಿಂದ ಒಂದಿಷ್ಟು ಒಳಗೆ ಕೂತಿರುತ್ತೆ. ಸ್ಟೀವ್ ಪೆರ್ರಿ ಅನ್ನೋ ಅಮೆರಿಕದ ವನ್ಯಜೀವಿ ಫೋಟೋಗ್ರಾಫರ್ ಹಳೇ ಲೆನ್ಸುಗಳನ್ನೂ ಫಿಲ್ಟರುಗಳನ್ನೂ ಗುಡ್ಡೆ ಹಾಕಿಕೊಂಡು, ಮೇಲಿಂದ ಭಾರ ಬೀಳಿಸಿ ಒಡೆದು ನೋಡಿದಾನೆ. ಫಿಲ್ಟರುಗಳು ಪುಟಪುಟನೆ ಒಡೆದವು. ಅದೇ ಪೆಟ್ಟಿಗೆ ಲೆನ್ಸಿನ ಗಾಜುಗಳು ಜಗ್ಗಲಿಲ್ಲ. ನನ್ನ ಲೆನ್ಸಿನ ಮೇಲಿದ್ದ ಗೀರು? ಅದು ಬಂಡೆಯದಲ್ಲ. ಒಡೆದ ಫಿಲ್ಟರಿನ ಚೂರೇ ಒಳಗೆ ಬಿದ್ದು ಗೀರಿದ್ದು.

ಆ ಗೀರು ಇವತ್ತಿನವರೆಗೆ ಒಂದು ಫೋಟೋದಲ್ಲೂ ಕಂಡಿಲ್ಲ. ಮುಂದಿನ ಗಾಜಿನ ಮೇಲಿನ ಗೀರು, ಧೂಳು ಎಲ್ಲ ಫೋಕಸ್ಸಿನಿಂದ ಎಷ್ಟು ದೂರ ಅಂದ್ರೆ ಚಿತ್ರದಲ್ಲಿ ಕರಗಿಹೋಗುತ್ತೆ. ಇದು ಗೊತ್ತಿಲ್ಲದೆ ನಾನು ಎರಡು ದಿನ ಊಟ ಬಿಟ್ಟಿದ್ದೆ.

ಇನ್ನು ಆ 'ಯುವಿ' ವಿಚಾರ. ಅದು ರೀಲಿನ ಕಾಲದ ಮಾತು. ಫಿಲ್ಮಿಗೆ ನೇರಳಾತೀತ ಕಿರಣ ತಾಗುತ್ತಿತ್ತು. ಎತ್ತರದ ಜಾಗದಲ್ಲಿ, ದೂರದ ಬೆಟ್ಟ ತೆಗೆದರೆ ನೀಲಿ ಮಬ್ಬು ಬರುತ್ತಿತ್ತು, ಅದಕ್ಕೆ ಈ ಗಾಜು. ಡಿಜಿಟಲ್ ಕ್ಯಾಮೆರಾದಲ್ಲಿ ಸೆನ್ಸರಿನ ಮುಂದೆಯೇ ನೇರಳಾತೀತ, ಅವಕೆಂಪು ಎರಡನ್ನೂ ತಡೆಯುವ ಗಾಜಿನ ಪದರ ಇರುತ್ತೆ. ಅಂದ್ರೆ ಕೆಲಸ ಹೋಗಿದೆ, ನೌಕರ ಮಾತ್ರ ಹುದ್ದೆ ಬದಲಾಯಿಸಿಕೊಂಡು ಸೆಕ್ಯುರಿಟಿ ಗಾರ್ಡ್ ಆಗಿ ಅದೇ ಗೇಟಿನಲ್ಲಿ ನಿಂತಿದಾನೆ. ನಮ್ಮ ಎಷ್ಟೋ ಕಂಪನಿಗಳಲ್ಲಿ ನೋಡಿರೋದೇ.

ನಿಂತರೆ ನಿಲ್ಲಲಿ, ನಷ್ಟ ಏನು ಅಂತ ನಾನೂ ಅಂದುಕೊಂಡಿದ್ದೆ, 2016ರ ದೀಪಾವಳಿವರೆಗೆ.

ಆ ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿ ಜಗಲಿ ಮೇಲೆ ಕೂತು ಬತ್ತಿ ಹೊಸೀತಿದ್ದಳು. ಎಂಬತ್ತರ ಹತ್ತಿರ ಇರಬೇಕು. ಹಣೆ ಮೇಲೆ, ಗದ್ದದ ಮೇಲೆ ಹಸಿರು ಹಚ್ಚೆ. ಕೈತುಂಬ ಗಾಜಿನ ಬಳೆ. ಗಾಜು ನಮ್ಮ ಸೀಮೆಗೆ ಹೊಸದಲ್ಲ. ನಮ್ಮ ತಾಲ್ಲೂಕಿನ ಮತ್ತೋಡಿನಲ್ಲಿ ಹಿಂದೆ ಬಳೆಯ ಗಾಜನ್ನೇ ಕಾಯಿಸುತ್ತಿದ್ದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕುಲುಮೆಗಳ ಬಗ್ಗೆ ಬರೆದಿಟ್ಟಿದಾನೆ. ಅಜ್ಜಿಗೆ ಬುಕಾನನ್ ಗೊತ್ತಿರಲಿಲ್ಲ, ಬಳೆ ಗೊತ್ತಿತ್ತು. ನಾನು ಫಿಲ್ಟರ್ ಬಿಚ್ಚಿ ಒರೆಸುತ್ತಿದ್ದಾಗ ಅದನ್ನು ಇಸ್ಕೊಂಡು ಕಣ್ಣಿಗೆ ಹಿಡಿದು ನೋಡಿದಳು.

"ಇದ್ರಾಗೆ ಏನೈತ್ಲಾ? ಏನೂ ಕಾಣಲ್ಲ. ದೊಡ್ದೂ ಕಾಣಲ್ಲ, ಸಣ್ದೂ ಕಾಣಲ್ಲ."

"ಏನೂ ಮಾಡ್ದೇ ಇರೋದೇ ಅದರ ಕೆಲ್ಸ ಅಜ್ಜಿ."

"ಅಂಥದ್ಕೆ ದುಡ್ಡು ಕೊಟ್ಯಾ?"

ಸಂಜೆ ಕರೆಂಟ್ ಹೋಯಿತು. ಅಜ್ಜಿ ಹಣತೆ ಹಚ್ಚೋಕೆ ಶುರು ಮಾಡಿದಳು, ಜಗಲಿ ಕಟ್ಟೆ ಮೇಲೆ ಒಂದಾದ ಮೇಲೊಂದು. ನಾನು 50 ಎಂಎಂ ಲೆನ್ಸು ಹಾಕಿ, ಅಪರ್ಚರ್ 1.8ಕ್ಕೆ ಪೂರ್ತಿ ತೆರೆದು, ಕೆಳಗೆ ನೆಲದ ಮೇಲೆ ಕೂತು ತೆಗೆದೆ. ಬಲಗಡೆ ಕೆಳಗೆ ಹಣತೆ ಸಾಲು, ಎಡಗಡೆ ಮೇಲೆ ಅವಳ ಮುಖ. ಹಿಂದೆಲ್ಲ ಕತ್ತಲು. ಅವಳು ಕ್ಯಾಮೆರಾ ನೋಡಲಿಲ್ಲ, ಬತ್ತಿ ನೋಡುತ್ತಿದ್ದಳು. ಕ್ಯಾಮೆರಾ ಹಿಂದಿನ ಸಣ್ಣ ಪರದೆಯಲ್ಲಿ ನೋಡಿದಾಗ, ಇಷ್ಟು ಚೆನ್ನಾಗಿರೋ ಫೋಟೋ ನಾನು ತೆಗೆದಿಲ್ಲ ಅನಿಸಿತು. ಅದು ನಿಜವೂ ಹೌದು. ಇನ್ನೊಂದು ತೆಗೆಯೋಣ ಅನ್ನೋದರೊಳಗೆ ಕರೆಂಟ್ ಬಂತು.

ಬೆಂಗಳೂರಿಗೆ ಬಂದೆ, ಯಾವುದೋ ರಿಲೀಸು, ಯಾವುದೋ ಆನ್‌ಸೈಟ್ ಕಾಲ್. ಫೋಟೋಗಳು ಕಾರ್ಡಿನಲ್ಲೇ ಉಳಿದವು. ಮುಂದಿನ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ವೈಕುಂಠ ಸಮಾರಾಧನೆಗೆ ಫೋಟೋ ಬೇಕು ಅಂತ ಅಪ್ಪ ಫೋನ್ ಮಾಡಿದಾಗ, ಇದೆಯಲ್ಲ ಅಂತ ಧೈರ್ಯವಾಗಿ ಲ್ಯಾಪ್‌ಟಾಪಿನಲ್ಲಿ ತೆರೆದೆ.

ಅವಳ ಎಡಗೆನ್ನೆ ಮೇಲೆ ಎರಡು, ಹುಬ್ಬಿನ ಪಕ್ಕ ಒಂದು, ತಿಳಿ ಹಸಿರು ಕಲೆಗಳು. ಹಣತೆಯ ಕುಡಿಗಳೇ, ತಲೆಕೆಳಗಾಗಿ.

ಹೀಗೆ ಯಾಕಾಗುತ್ತೆ ಅಂತ ಆಮೇಲೆ ತಿಳಕೊಂಡೆ. ಗಾಜಿಗೆ ಲೇಪ ಇಲ್ಲದಿದ್ದರೆ ಅದರ ಒಂದೊಂದು ಮೈಯೂ ಬಂದ ಬೆಳಕಿನಲ್ಲಿ ಸುಮಾರು 4% ವಾಪಸ್ ಕಳಿಸುತ್ತೆ. ಎರಡು ಮೈ ಸೇರಿ 8% ಹತ್ತಿರ. ಹಗಲಲ್ಲಿ, ಎಲ್ಲ ಕಡೆ ಒಂದೇ ಥರ ಬೆಳಕಿದ್ದಾಗ ಇದು ಗೊತ್ತೇ ಆಗಲ್ಲ. ಕತ್ತಲಲ್ಲಿ ಒಂದು ದೀಪ ಇದ್ದಾಗ ಗೊತ್ತಾಗುತ್ತೆ. ದೀಪದ ಬೆಳಕು ಲೆನ್ಸಿನ ಮೂಲಕ ಸೆನ್ಸರಿಗೆ ಬಡಿದು, ಅಲ್ಲಿಂದ ಒಂದಿಷ್ಟು ಹಿಂದಕ್ಕೆ ಪುಟಿದು, ಮುಂದಿರುವ ಚಪ್ಪಟೆ ಫಿಲ್ಟರಿಗೆ ಕನ್ನಡಿಗೆ ಬಡಿದಂತೆ ಬಡಿದು, ಮತ್ತೆ ಒಳಗೆ ಬರುತ್ತೆ. ಬಂದು ಚಿತ್ರದ ನಟ್ಟನಡುವಿನ ಬಿಂದುವಿಗೆ ಸರಿಯಾಗಿ ಎದುರುಗಡೆ ಕೂರುತ್ತೆ. ದೀಪ ಕೆಳಗೆ ಬಲಕ್ಕಿದ್ದರೆ ದೆವ್ವ ಮೇಲೆ ಎಡಕ್ಕೆ. ಇದನ್ನು ಘೋಸ್ಟ್ ಅಂತಲೇ ಕರೀತಾರೆ. ನಾನು ಎಷ್ಟು ಅಚ್ಚುಕಟ್ಟಾಗಿ ಫ್ರೇಮ್ ಮಾಡಿದ್ದೆನೋ ಅಷ್ಟೇ ಅಚ್ಚುಕಟ್ಟಾಗಿ ದೆವ್ವ ಅವಳ ಮುಖದ ಮೇಲೆ ಬಿದ್ದಿತ್ತು. ಫಿಲ್ಟರ್ ಇಲ್ಲದೆಯೂ ಲೆನ್ಸಿನೊಳಗಿನ ಗಾಜುಗಳಿಂದ ಘೋಸ್ಟ್ ಬರಬಹುದು. ಆದರೆ ಅವು ಬಾಗಿದ ಗಾಜುಗಳು, ಲೇಪ ಇರುವಂಥವು, ಹೆಚ್ಚಿನ ಪಾಲು ಬೆಳಕನ್ನು ಚದುರಿಸಿಬಿಡುತ್ತವೆ. ಹೀಗೆ ಅಚ್ಚೊತ್ತಿ ಕೊಡೋದು ಚಪ್ಪಟೆ ಗಾಜು.

ಅಳಿಸೋಕೆ ಕೂತೆ. ಹೀಲಿಂಗ್ ಬ್ರಷ್ಷು ಅಂತ ಒಂದಿದೆ, ಕಲೆ ಮೇಲೆ ಆಡಿಸಿದರೆ ಪಕ್ಕದ ಚರ್ಮವನ್ನು ನಕಲು ಮಾಡಿ ತುಂಬುತ್ತೆ. ಕಲೆ ಹೋಯ್ತು. ಆದರೆ ಕೆನ್ನೆಯ ಒಂದು ಗೆರೆ ಅರ್ಧಕ್ಕೇ ನಿಂತು, ಇನ್ನೊಂದು ಗೆರೆ ಎರಡು ಸಲ ಬಂತು. ಅನ್‌ಡೂ ಮಾಡಿದೆ. ಮತ್ತೆ ಮಾಡಿದೆ. ರಾತ್ರಿ ಎರಡು ಗಂಟೆವರೆಗೆ ಕೂತ ಮೇಲೆ ಒಂದು ನಯವಾದ ಕೆನ್ನೆ ತಯಾರಾಯಿತು. ಯಾರೂ ಗುರುತು ಹಿಡಿಯಲಾರರು. ಆದರೆ ಅದು ಅಜ್ಜಿಯ ಕೆನ್ನೆಯಾಗಿರಲಿಲ್ಲ, ನಾನು ಮಾಡಿದ ಕೆನ್ನೆಯಾಗಿತ್ತು. ಅವಳ ಸುಕ್ಕು ನಿಜಕ್ಕೂ ಎಲ್ಲಿ ತಿರುಗುತ್ತಿತ್ತು ಅಂತ ನೆನಪು ಮಾಡಿಕೊಳ್ಳೋಕೆ ಹೋದರೆ ಬರಲೇ ಇಲ್ಲ. ಇಪ್ಪತ್ತೆಂಟು ವರ್ಷ ನೋಡಿದ ಮುಖ. ಆ ಫೈಲನ್ನು ಡಿಲೀಟ್ ಮಾಡಿ, ಸಮಾರಾಧನೆಗೆ ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿಸಿ ಕೊಟ್ಟೆ. ಆಧಾರಿನ ಫೋಟೋ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಿಲ್ಲ.

ಫಿಲ್ಟರಿನದ್ದೇ ತಪ್ಪು ಅಂತ ಖಾತ್ರಿಯಾಗಬೇಕಿತ್ತು ನನಗೆ. ಈ ಸಲವಾದರೂ ಲಾಗ್ ನೋಡಬೇಕಲ್ಲ. ಮುಂದಿನ ದೀಪಾವಳಿಗೆ ನಮ್ಮ ಮನೆಯಲ್ಲಿ ಹಬ್ಬ ಇರಲಿಲ್ಲ, ಸೂತಕದ ವರ್ಷ. ಬೇರೆ ದಿನ ಒಂದು ರಾತ್ರಿ ಲೈಟೆಲ್ಲ ಆರಿಸಿ, ಅದೇ ಕಟ್ಟೆ ಮೇಲೆ ಅಷ್ಟೇ ಹಣತೆ ಹಚ್ಚಿ, ಅಜ್ಜಿ ಕೂತ ಜಾಗದಲ್ಲಿ ಅಮ್ಮನನ್ನು ಕೂರಿಸಿದೆ. "ಏನ್ ಹುಚ್ಚೋ ಇವನಿಗೆ" ಅಂತ ಕೂತಳು. ಫಿಲ್ಟರ್ ಹಾಕಿ ಒಂದು, ಬಿಚ್ಚಿ ಒಂದು, ಹಾಕಿ ಒಂದು, ಬಿಚ್ಚಿ ಒಂದು. ಹಾಕಿದ್ದರಲ್ಲೆಲ್ಲ ಹಸಿರು ಕಲೆ. ಬಿಚ್ಚಿದ್ದರಲ್ಲಿ ಒಂದೂ ಇಲ್ಲ. ನಾಲ್ಕನೇದಾದ ಮೇಲೆ ಅಮ್ಮ ಕೇಳಿದಳು, "ಸಿಕ್ತಾ?" ಸಿಕ್ತು ಅಂದೆ. ಅವಳು ಏಳಲಿಲ್ಲ, ಹಣತೆ ಆರೋವರೆಗೂ ಅಲ್ಲೇ ಕೂತಿದ್ದಳು.

ಅವತ್ತಿಂದ ನಾನು ಫಿಲ್ಟರ್ ವಿರೋಧಿ ಪಕ್ಷ ಸೇರಿದೆ. ಈ ಪಕ್ಷದವರು ಭಯಂಕರ. ಅಮೆರಿಕದಲ್ಲಿ ಲೆನ್ಸ್‌ರೆಂಟಲ್ಸ್ ಅನ್ನೋ ಬಾಡಿಗೆ ಕಂಪನಿ ಕಟ್ಟಿದ ರೋಜರ್ ಸಿಕಾಲ ಒಮ್ಮೆ ಐವತ್ತರಷ್ಟು ಫಿಲ್ಟರುಗಳನ್ನು ಒಂದರ ಮೇಲೊಂದು ತಿರುಪಿ, ಕೊಳವೆ ಥರ ಮಾಡಿ ಫೋಟೋ ತೆಗೆದಿದಾನೆ. ಬಂದದ್ದು ಮಂಜು ಮಂಜು. ಅದನ್ನು ನೋಡಿ ನಾನು ಖುಷಿಪಟ್ಟಿದ್ದಕ್ಕೆ ಲೆಕ್ಕವಿಲ್ಲ. ಹೊಳಲ್ಕೆರೆ ಗೆಳೆಯ ಸಿಕ್ಕಾಗ, "ನಿಮ್ಮೂರ ಬಯಲು ಗಣಪನ್ನ ನೋಡು, ತಲೆ ಮೇಲೆ ಗೋಪುರವಿಲ್ಲದೆ ಬಿಸಿಲು ಮಳೆಗೆ ಕೂತಿಲ್ವಾ, ಏನಾಗಿದೆ ಅವನಿಗೆ?" ಅಂತ ವಾದ ಮಾಡಿದೆ. "ಗಣಪ ಕಲ್ಲು ಕಣ್ಲಾ, ಗಾಜಲ್ಲ" ಅಂದ. ಜೊತೆಗೆ ನನ್ನನ್ನು ಬೈಕಲ್ಲಿ ಕೂರಿಸಿಕೊಂಡು ಭೀಮಸಮುದ್ರದ ಕಡೆ ಕರಕೊಂಡು ಹೋದ. ಅದಿರು ಲಾರಿಗಳ ರಸ್ತೆ ಅದು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ನಮ್ಮ ಜಿಲ್ಲೆಯ ಗಣಿಗಳಿಗೂ ತಡೆ ಹಾಕಿದಾಗ ಕೆಲಕಾಲ ಉಸಿರಾಡಿದ್ದ ಜಾಗ, ಆಮೇಲೆ ಮತ್ತೆ ಕೆಂಪಾಯಿತು. ಅಡಿಕೆ ಗರಿಯೂ ಕೆಂಪು, ಎಮ್ಮೆಯೂ ಕೆಂಪು. ಅರ್ಧ ಗಂಟೆಯಲ್ಲಿ ನನ್ನ ಬರಿಮೈ ಲೆನ್ಸೂ ಕೆಂಪು.

ತಪ್ಪು ಮಾಡಿದ್ದು ಆಗ. ಅಂಗಿ ಚುಂಗಿನಲ್ಲಿ ಒರೆಸಿದೆ. ನಮ್ಮ ಸೀಮೆಯ ಮಣ್ಣಿನಲ್ಲಿ ಬೆಣಚುಕಲ್ಲಿನ ಪುಡಿ ಧಾರಾಳ, ಬೆಣಚು ಗಾಜಿಗಿಂತ ಗಟ್ಟಿ. ಧೂಳು ಸುಮ್ಮನೆ ಕೂತರೆ ಗಾಜಿಗೆ ಏನೂ ಮಾಡಲ್ಲ, ಒರೆಸಿದಾಗಲೇ ಅದು ಮರಳು ಕಾಗದವಾಗೋದು. ಕಿಂಡಿಯ ಬಂಡೆ ಮಾಡದ ಹಾನಿಯನ್ನು ನನ್ನ ಕಾಟನ್ ಅಂಗಿ ಮಾಡಿತು. ಲೇಪದ ಮೇಲೆ ನೂರಾರು ಸಣ್ಣ ಗೀರು, ಈಗಲೂ ಬಿಸಿಲಿಗೆ ಎದುರಾಗಿ ತೆಗೆದರೆ ಆ ಲೆನ್ಸು ಸ್ವಲ್ಪ ಮಂಕು. ಅಲ್ಲಿ ಒಂದು ಫಿಲ್ಟರ್ ಇದ್ದಿದ್ದರೆ ಬಿಚ್ಚಿ ನಲ್ಲಿ ಕೆಳಗೆ ಹಿಡಿದು ತೊಳೆದು ಮತ್ತೆ ಹಾಕಬಹುದಿತ್ತು. ಲೆನ್ಸನ್ನು ನಲ್ಲಿ ಕೆಳಗೆ ಹಿಡಿಯೋಕಾಗಲ್ಲ.

ಗೆಳೆಯ ಏನೂ ಅನ್ನಲಿಲ್ಲ. ಟೀ ಕುಡಿಸಿದ.

ಹಾಗಾಗಿ ಈಗ ನಾನು ಪಕ್ಷಾಂತರಿ. ಚೀಲದಲ್ಲಿ ಒಳ್ಳೇ ಲೇಪವಿರುವ ಒಂದು ಫಿಲ್ಟರ್ ಇದೆ. ಅಂಗಡಿಯಲ್ಲಿ ಅದನ್ನು ಆರಿಸೋಕೆ ದೊಡ್ಡ ವಿದ್ಯೆ ಬೇಕಿಲ್ಲ. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದು ಗಾಜಿನಲ್ಲಿ ಕಾಣೋ ಟ್ಯೂಬ್‌ಲೈಟನ್ನು ನೋಡಿ. ಬೆಳ್ಳಗೆ ಫಳಫಳ ಅಂದರೆ ಲೇಪವಿಲ್ಲ, ಅಲ್ಲೇ ಇಟ್ಟು ಬನ್ನಿ. ಮಂಕಾಗಿ, ಹಸಿರೋ ನೇರಳೆಯೋ ಆಗಿ ಕಂಡರೆ ಲೇಪ ಇದೆ. ಲೇಪ ಚೆನ್ನಾಗಿದ್ದರೆ 8% ಇದ್ದದ್ದು 1%ಕ್ಕೂ ಹತ್ತಿರ ಇಳಿಯುತ್ತೆ. ಇಳಿಯುತ್ತೆ ಅಷ್ಟೇ, ಸೊನ್ನೆ ಆಗಲ್ಲ. ದೀಪ, ಬೀದಿ ಲೈಟು, ಎದುರು ಬಿಸಿಲು, ಚಂದ್ರ ಇದ್ದಾಗ ಅದನ್ನೂ ಬಿಚ್ಚಿಬಿಡ್ತೀನಿ. ಲಾರಿ ಧೂಳು, ಜೋಗಿಮಟ್ಟಿಯ ಗಾಳಿ, ನಾಯಕನಹಟ್ಟಿ ಜಾತ್ರೆಯಲ್ಲಿ ಕೊಬ್ಬರಿ ಸುಡೋ ಎಣ್ಣೆ ಹೊಗೆ, ಇಂಥ ಕಡೆ ಮಾತ್ರ ಹಾಕ್ತೀನಿ. ಪೆಟ್ಟಿನಿಂದ ಕಾಪಾಡೋಕೆ ಲೆನ್ಸ್ ಹುಡ್ಡು ಇದೆ. ಪ್ಲಾಸ್ಟಿಕ್ಕಿನದ್ದು, ಬಡಿದರೆ ಬಾಗುತ್ತೆ, ಚೂರಾಗಲ್ಲ, ಮೇಲಾಗಿ ಅಡ್ಡಬೆಳಕನ್ನೂ ತಡೆಯುತ್ತೆ. ಅದನ್ನು ಮಾತ್ರ ತೆಗೆಯೋದೇ ಇಲ್ಲ. ನಮ್ಮಲ್ಲಿ ಎಷ್ಟೋ ಜನ ಹುಡ್ಡನ್ನು ತಿರುವುಮುರುವಾಗಿ ಹಾಕಿಕೊಂಡೇ ಫೋಟೋ ತೆಗೀತಾರೆ, ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಮಳೇಲಿ ನೆನೆದ ಹಾಗೆ.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ಮಾರಿಕಣಿವೆ ತುಂಬಿ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ, ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷ! ಜಾತ್ರೆಯ ಥರ ಜನ. ತುಂತುರು ಮೈಮೇಲೆ ಬೀಳುವಷ್ಟು ಹತ್ತಿರ ಹೋಗಿದ್ದೆ, ಅಲ್ಲಿ ಫಿಲ್ಟರ್ ಹಾಕಿದ್ದೆ. ಕ್ಯಾನನ್ನಿನ 17-40ರಂಥ ಕೆಲವು ಲೆನ್ಸುಗಳ ಕೈಪಿಡಿಯಲ್ಲೇ, ನೀರು-ಧೂಳಿನಿಂದ ಪೂರ್ತಿ ರಕ್ಷಣೆ ಬೇಕಿದ್ದರೆ ಮುಂದೆ ಫಿಲ್ಟರ್ ಹಾಕಿ ಅಂತ ಬರೆದಿರುತ್ತೆ. ನನ್ನದು ಅಷ್ಟು ದೊಡ್ಡ ಲೆನ್ಸಲ್ಲ, ಆದರೂ. ಹತ್ತು ನಿಮಿಷಕ್ಕೊಮ್ಮೆ ಒರೆಸಿಕೊಂಡು ತೆಗೆದೆ. ಅಜ್ಜಿ ಹುಟ್ಟೋಕೆ ಮುಂಚೆ ಬಿದ್ದ ಕೋಡಿ, ಅವಳು ಹೋದ ಮೇಲೆ ಬಿತ್ತು. ಬದುಕಿಡೀ "ಮಾರಿಕಣಿವೆ ತುಂಬಿದ್ ಕಾಲಕ್ಕೆ" ಅಂತ, ಆಗದೇ ಇರೋ ಕೆಲಸಕ್ಕೆಲ್ಲ ಅವಳು ವಾಯಿದೆ ಹೇಳುತ್ತಿದ್ದಳು.

ಆ ನೆಪದಲ್ಲೇ ಊರಿಗೆ ಹೋದವನು, ಹಳೇ ಹಾರ್ಡ್‌ಡಿಸ್ಕಿನಿಂದ ಹಣತೆ ಫೋಟೋ ತೆಗೆದು ಅಮ್ಮನಿಗೆ ತೋರಿಸಿದೆ. ಕಲೆ ಸಮೇತ. ಆರು ವರ್ಷ ಯಾರಿಗೂ ತೋರಿಸಿರಲಿಲ್ಲ. ಅಮ್ಮ ಬಹಳ ಹೊತ್ತು ನೋಡಿ, "ಇದ್ನ ಯಾಕ್ ಮುಚ್ಚಿಟ್ಟಿದ್ದೆ?" ಅಂದಳು. ಪಕ್ಕದ ಮನೆ ಹುಡುಗಿ ಬಗ್ಗಿ ನೋಡಿ, "ಅಜ್ಜಿಗೆ ಕೆನ್ನೆ ಮ್ಯಾಲೂ ಹಚ್ಚೆ ಇತ್ತಾ?" ಅಂತ ಕೇಳಿತು. ಅಮ್ಮ ಹೂಂ ಅಂದಳು.

ಹೊಸದುರ್ಗ ಪೇಟೆಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕಟ್ಟು ಹಾಕಿಸೋಕೆ ಹೋದೆವು. ಕಟ್ಟಿನ ಅಂಗಡಿಯವನು ಕಲೆ ತೆಗೆದು ಕೊಡ್ತೀನಿ, ಅದಕ್ಕೆ ಬೇರೆ ದುಡ್ಡಿಲ್ಲ ಅಂದ. ಬೇಡ ಅಂದೆ. ಗ್ಲಾಸ್ ಹಾಕಲಾ, ಹಂಗೇ ಲ್ಯಾಮಿನೇಷನ್ ಮಾಡಲಾ ಅಂದ. ನಾನು ಬಾಯಿ ತೆಗೆಯೋಕೆ ಮುಂಚೆ ಅಮ್ಮ, "ಗ್ಲಾಸ್ ಹಾಕಪ್ಪ. ಊದಿನಕಡ್ಡಿ ಹೊಗೆ, ಧೂಳು. ಹಾಳಾಗ್ತೈತೆ" ಅಂದಳು.

ಈಗ ಅದು ನಡುಮನೆ ಗೋಡೆ ಮೇಲಿದೆ. ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಅಜ್ಜಿಯ ಹಣೆ ಮೇಲೆ ಅಡ್ಡಲಾಗಿ ಒಂದು ಬಿಳಿ ಪಟ್ಟಿ ಹೊಳೆಯುತ್ತೆ. ಮುಖ ಕಾಣಬೇಕು ಅಂದ್ರೆ ಎರಡು ಹೆಜ್ಜೆ ಎಡಕ್ಕೆ, ಅಕ್ಕಿ ಡ್ರಮ್ಮಿನ ಪಕ್ಕಕ್ಕೆ ಸರಿದು ನಿಲ್ಲಬೇಕು. ಅಮ್ಮ ಅಲ್ಲೇ ನಿಂತು ದೀಪ ಹಚ್ತಾಳೆ.